ಗುಳಿಗೆ ಬರೆಯುವವರು ಬಹಳ, ನಿಲ್ಲಿಸುವವರು ಯಾರು?

ಹುಬ್ಬಳ್ಳಿ ವಿದ್ಯಾನಗರದ ಯಾವುದೇ ದವಾಖಾನೆಯ ಮುಂದೆ ಬೆಳಗ್ಗೆ ಹತ್ತರ ಹೊತ್ತಿಗೆ ನಿಂತು ನೋಡಿ. ಗದಗ, ಕೊಪ್ಪಳ, ಹಾವೇರಿ, ಬಾಗಲಕೋಟೆ ಬಸ್ಸಿಳಿದು ಬಂದವರ ಕೈಯಲ್ಲಿ ಎರಡು ಚೀಲ ಇರುತ್ತವೆ. ಒಂದು ಬುತ್ತಿಯದು. ಇನ್ನೊಂದು ಫೈಲಿನದು. ಸೀರೆ ಅಂಗಡಿಯ ಕವರು ಅಥವಾ ಬೀಜದ ಕಂಪನಿಯವರು ಪುಕ್ಕಟೆ ಕೊಟ್ಟ ಕೈಚೀಲ. ಒಳಗೆ ಎಕ್ಸ್‌ರೇ, ಸ್ಕ್ಯಾನು, ರಕ್ತದ ರಿಪೋರ್ಟು, ಮಡಚಿ ಮಡಚಿ ಹರಿಯುವುದಕ್ಕೆ ಬಂದ ಚೀಟಿಗಳು, ಖಾಲಿಯಾದ ಗುಳಿಗೆ ಪಟ್ಟಿಗಳು. ಬಸ್ಸಿನಲ್ಲಿ ಬುತ್ತಿ ಚೀಲವನ್ನು ಮೇಲೆ ಇಡುತ್ತಾರೆ. ಫೈಲಿನ ಚೀಲ ತೊಡೆಯ ಮೇಲೆ.

ಒಳಗೆ ಹೋದ ಮೇಲೆ ನಡೆಯುವುದೂ ಎಲ್ಲ ಕಡೆ ಒಂದೇ. ಡಾಕ್ಟರು ಚೀಲದಿಂದ ಮೇಲಿನ ಎರಡು ಮೂರು ಕಾಗದ ತಿರುವಿ ಹಾಕುತ್ತಾರೆ. ಹೊರಗೆ ಅರವತ್ತು ಜನ ಕೂತಿರುವಾಗ ಪೂರ್ತಿ ಓದು ಅಂದರೆ ಯಾರಿಗಾದರೂ ಆಗುತ್ತದಾ? ಚೀಲ ಪಕ್ಕಕ್ಕೆ ಸರಿಸಿ ಕೇಳುತ್ತಾರೆ: "ಸದ್ಯ ಯಾವ್ಯಾವ ಗುಳಿಗಿ ನಡದಾವ್ರೀ?" ಪೇಷಂಟು ಜೊತೆಗೆ ಬಂದವರ ಮುಖ ನೋಡುತ್ತಾರೆ. ಜೊತೆಗೆ ಬಂದವರು ಚೀಲ ನೋಡುತ್ತಾರೆ. "ಬಿಳೇದೊಂದು, ಗುಲಾಬಿ ಬಣ್ಣದ್ದೊಂದು, ರಾತ್ರಿ ಅರ್ಧಾ ಗುಳಿಗಿ ಒಂದ್ರೀ."

ಕಿಲೋಗಟ್ಟಲೆ ಕಾಗದ ಇದೆ. ಆದರೆ ಬೇಕಾದ ಆ ಒಂದು ಪ್ರಶ್ನೆಗೆ ಉತ್ತರ ಅದರಲ್ಲಿ ಎಲ್ಲೂ ಇಲ್ಲ. ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಇನ್ನೊಂದು ವಿಚಾರ ನೋಡಿ. ವೈದ್ಯರ ನಡವಳಿಕೆಯ ಬಗ್ಗೆ 2002ರಲ್ಲಿ ಬಂದ ನಿಯಮಗಳ ಪ್ರಕಾರ ಅಡ್ಮಿಟ್ ಆದ ರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅದು ಅಡ್ಮಿಟ್ ಆದವರ ಮಾತಾಯಿತು. ಸುಮ್ನೆ ತೋರಿಸಿಕೊಂಡು ಹೋಗುವವರ ಚೀಟಿ ಅವರ ಜೊತೆಗೇ ಮನೆಗೆ ಹೋಗುತ್ತದೆ. ಅಂದರೆ ನಮ್ಮ ಕಡೆ ಹೆಚ್ಚಿನ ಜನರ ಆರೋಗ್ಯದ ಇತಿಹಾಸ ಇರುವುದು ಆ ಸೀರೆ ಕವರಿನಲ್ಲೇ. ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ಅದೂ ಹೋಯಿತು.

ದೊಡ್ಡವ್ವನ ಕಾಲು ಬಾವು

ನಮ್ಮ ದೊಡ್ಡವ್ವ ಇರುವುದು ಮುಂಡರಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ಅಸಲಿ ಹೆಸರು ಬೇಡ, ಬಸವ್ವ ಅಂತ ಇಟ್ಟುಕೊಳ್ಳೋಣ. ಒಂದು ದವಾಖಾನೆಯಲ್ಲಿ ಅವಳು ಬಸವ್ವ, ಇನ್ನೊಂದರಲ್ಲಿ ಬಸಮ್ಮ, ಆಧಾರ್ ನೋಡಿ ಬರೆದುಕೊಂಡವರಲ್ಲಿ ಗಂಡನ ಹೆಸರು, ಅಡ್ಡಹೆಸರು ಎಲ್ಲ ಸೇರಿ ಒಂದು ಸಾಲು. ವಯಸ್ಸು ಒಂದು ಚೀಟಿಯಲ್ಲಿ 68, ಇನ್ನೊಂದರಲ್ಲಿ 75. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಹೆಣ್ಣುಮಕ್ಕಳು.

ಕಣ್ಣಿನ ಪೊರೆ ತೆಗೆಸಬೇಕು ಅಂತ ಹುಬ್ಬಳ್ಳಿಗೆ ನಮ್ಮ ಮನೆಗೆ ಬಂದಳು. ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 1.7 ಬಂತು, ಇರಬೇಕಾದದ್ದಕ್ಕಿಂತ ಜಾಸ್ತಿ. ಕಣ್ಣಿನ ಡಾಕ್ಟರು, ಮೊದಲು ಒಬ್ಬ ಫಿಜಿಷಿಯನ್ನಿಗೆ ತೋರಿಸಿ, ಆಮೇಲೆ ಕಣ್ಣು ನೋಡೋಣ ಅಂದರು. ಆ ಫಿಜಿಷಿಯನ್ ಚೀಲ ನೋಡಿ ನಕ್ಕರು. "ಮನ್ಯಾಗ ಕೂತು ಇದನ್ನ ತಾರೀಖಿನ ಪ್ರಕಾರ ಜೋಡಿಸ್ಕೊಂಡು ನಾಳೆ ಬರ್ರಿ. ಗುಳಿಗಿ ಎಲ್ಲಾ ತರ್ರಿ. ಖಾಲಿ ಪಟ್ಟಿ ಸೈತ."

ಅವತ್ತು ರಾತ್ರಿ ಪಡಸಾಲೆಯಲ್ಲಿ ಚಾಪೆ ಹಾಸಿ ಚೀಲ ಸುರಿದೆವು. ನಮ್ಮ ಓಣಿಯ ಮೆಡಿಕಲ್ ಶಾಪಿನವರು ಅಂಗಡಿ ಮುಚ್ಚಿ ಹೋಗುವಾಗ ಬಂದು ಕೂತರು. ಅವರು ಬರದಿದ್ದರೆ ನಮಗೆ ಏನೂ ಹೊಳೆಯುತ್ತಿರಲಿಲ್ಲ. ಪಟ್ಟಿಗಳನ್ನು ಒಂದೊಂದಾಗಿ ಟ್ಯೂಬ್‌ಲೈಟಿಗೆ ಹಿಡಿದು ಹಿಂದಿನ ಸಣ್ಣ ಅಕ್ಷರ ಓದುತ್ತಿದ್ದರು. ಅರ್ಧಕ್ಕರ್ಧ ಪಟ್ಟಿಗಳಲ್ಲಿ ಹೆಸರೇ ಪೂರ್ತಿ ಇರಲಿಲ್ಲ. ಐದು ಗುಳಿಗೆ ಸಾಕು ಅಂದವರಿಗೆ ಅಂಗಡಿಯವರು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರಲ್ಲ, ಆಗ ಹೆಸರು ಒಂದು ಕಡೆ, ಡೋಸು ಇನ್ನೊಂದು ಕಡೆ ಹೋಗಿರುತ್ತದೆ. "...ಪಿನ್ 5" ಅನ್ನುವಷ್ಟು ಉಳಿದಿತ್ತು ಒಂದರಲ್ಲಿ. ಹಳೆಯ ಇಸಿಜಿ ಒಂದು ಸಿಕ್ಕಿತು. ಬಿಡಿಸಿ ನೋಡಿದರೆ ಪೂರ್ತಿ ಖಾಲಿ, ಗೆರೆಯ ಗುರುತು ಸಹ ಇಲ್ಲ. ಬಿಸಿಗೆ ಕಪ್ಪಾಗುವ ಕಾಗದ ಅದು, ವರ್ಷ ಕಳೆದ ಹಾಗೆ ಮಾಸುತ್ತದೆ. ಮುಂದೆ ಯಾವತ್ತಾದರೂ ಎದೆನೋವು ಬಂದು ಇಸಿಜಿ ತೆಗೆದರೆ, ಈ ಬದಲಾವಣೆ ಹೊಸದೋ ಹಳೆಯದೋ ಅಂತ ಹೋಲಿಸಿ ನೋಡುವುದಕ್ಕೆ ಬೇಕಾದದ್ದೇ ಅದು.

ನಿಧಾನಕ್ಕೆ ಕಥೆ ಬಿಚ್ಚಿಕೊಂಡಿತು. ಬಹಳ ವರ್ಷದ ಹಿಂದೆ ಊರ ಹತ್ತಿರದ ಡಾಕ್ಟರು ಬಿಪಿಗೆ ಒಂದು ಗುಳಿಗೆ ಶುರು ಮಾಡಿದ್ದರು. ಅದರಲ್ಲಿ ಅಟೆನೊಲಾಲ್ ಮತ್ತು ಅಮ್ಲೋಡಿಪಿನ್ ಕೂಡಿದ್ದವು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಗದಗಿನಲ್ಲಿ ಒಬ್ಬರಿಗೆ ತೋರಿಸಿದರು. ಅವರು ಬಿಪಿ ಗುಳಿಗೆ ಬದಲಿಸಿ, ಟೆಲ್ಮಿಸಾರ್ಟಾನ್ ಮತ್ತು ಅಮ್ಲೋಡಿಪಿನ್ ಕೂಡಿದ್ದು ಬರೆದರು. ಸಕ್ಕರೆ ಇದ್ದವರಿಗೆ ಕಿಡ್ನಿಗೆ ಒಳ್ಳೆಯದು ಅಂತ ಟೆಲ್ಮಿಸಾರ್ಟಾನ್ ಜಾತಿಯ ಔಷಧ ಕೊಡುವುದು ರೂಢಿ. ಒಳ್ಳೆಯ ಬದಲಾವಣೆಯೇ. ಆದರೆ ಬದಲಾದದ್ದು ಅವರ ಮನಸ್ಸಿನಲ್ಲಿ. ಚೀಟಿಯಲ್ಲಿ ಇದ್ದದ್ದು ಹೊಸದರ ಹೆಸರು ಮಾತ್ರ. ದೊಡ್ಡವ್ವನ ಲೆಕ್ಕದಲ್ಲಿ ಊರ ಡಾಕ್ಟರು ಕೊಟ್ಟದ್ದು ಬಿಪಿ ಗುಳಿಗೆ, ಗದಗಿನವರು ಕೊಟ್ಟದ್ದು ಸಕ್ಕರೆ ಗುಳಿಗೆ. ಎರಡನ್ನೂ ಭಕ್ತಿಯಿಂದ ನುಂಗಿದಳು.

ಅಮ್ಲೋಡಿಪಿನ್ ಹೆಚ್ಚಾದಷ್ಟೂ ಪಾದ ಬಾವು ಬರುವುದು ಹೆಚ್ಚು. ಇವಳಿಗೆ ಎರಡು ಬೇರೆ ಬೇರೆ ಹೆಸರಿನ ಗುಳಿಗೆಯಿಂದ ಐದೈದು ಮಿಲಿಗ್ರಾಂ ಸೇರಿ ದಿನಕ್ಕೆ 10 ಹೋಗುತ್ತಿತ್ತು. ಅದು ದಿನಕ್ಕೆ ಕೊಡಬಹುದಾದ ಗರಿಷ್ಠ ಪ್ರಮಾಣ. ಕಾಲು ಬಾತವು. ಊರ ಡಾಕ್ಟರು ನೀರು ಇಳಿಸುವ ಗುಳಿಗೆ ಬರೆದರು. ಅದೇ ಹೊತ್ತಿಗೆ ಮೊಣಕಾಲು ನೋವಿಗೆ ಅಂತ ಧಾರವಾಡಕ್ಕೆ ಹೋಗಿದ್ದಳು. ಅಲ್ಲಿ ನೋವಿನ ಗುಳಿಗೆ ಬರೆದರು. ಹತ್ತು ದಿನಕ್ಕೆ ಅಂತ ಬರೆದದ್ದು. ತಗೊಂಡರೆ ಚಲೋ ಅನ್ನಿಸುತ್ತದೆ ಅಂತ ಇವಳು ಬಿಡಲೇ ಇಲ್ಲ.

ಈಗ ಒಟ್ಟು ನೋಡಿ. ಟೆಲ್ಮಿಸಾರ್ಟಾನ್, ನೀರು ಇಳಿಸುವ ಗುಳಿಗೆ, ನೋವಿನ ಗುಳಿಗೆ. ಈ ಮೂರೂ ಒಟ್ಟಿಗೆ ಬಿದ್ದರೆ ಕಿಡ್ನಿಗೆ ಪೆಟ್ಟು ಅಂತ ವೈದ್ಯರಿಗೆಲ್ಲ ಗೊತ್ತು. 'ಟ್ರಿಪಲ್ ವ್ಯಾಮಿ' ಅಂತ ಅದಕ್ಕೆ ಅವರಲ್ಲಿ ಅಡ್ಡಹೆಸರೇ ಇದೆ. ಒಬ್ಬರೇ ಡಾಕ್ಟರು ಈ ಮೂರನ್ನೂ ಒಂದೇ ಚೀಟಿಯಲ್ಲಿ ಬರೆಯುವುದಕ್ಕೆ ಮುಂಚೆ ಎರಡು ಸಲ ಯೋಚಿಸುತ್ತಾರೆ. ಇಲ್ಲಿ ಮೂರು ಊರಿನ ಮೂರು ಜನ ಒಂದೊಂದು ಬರೆದಿದ್ದರು. ಯಾರ ಚೀಟಿಯನ್ನು ಬಿಡಿಯಾಗಿ ನೋಡಿದರೂ ಬೈಯುವ ಹಾಗಿಲ್ಲ.

ಕ್ರಿಯಾಟಿನಿನ್ ಹಳೆಯ ರಿಪೋರ್ಟುಗಳೂ ಚೀಲದಲ್ಲೇ ಇದ್ದವು. ಮುಂಡರಗಿಯ ಲ್ಯಾಬಿನದು 1.0. ಗದಗಿನದು 1.3. ಈಗ ಹುಬ್ಬಳ್ಳಿಯದು 1.7. ಮೂರು ಲ್ಯಾಬು, ಮೂರು ನಮೂನೆಯ ಕಾಗದ. ನಡುವಿನ ರಿಪೋರ್ಟನ್ನು ನೋಡಿದವರು, ಸ್ವಲ್ಪ ಜಾಸ್ತಿ ಇದೆ, ವಯಸ್ಸಾಗಿದೆ ಅಂದುಕೊಂಡಿರಬಹುದು. ಚಾಪೆಯ ಮೇಲೆ ಒಂದರ ಕೆಳಗೆ ಒಂದು ಇಟ್ಟಾಗ ಅದು ಏರುತ್ತಿರುವುದು ಕಾಣಿಸಿತು. ಮೆಡಿಕಲ್ ಶಾಪಿನವರು ಮಾತಾಡದೆ ಮೂರು ಅಂಕಿಯ ಸುತ್ತ ಪೆನ್ನಿನಿಂದ ಗುಂಡಗೆ ಗೆರೆ ಹಾಕಿದರು.

ಮರುದಿನ ಫಿಜಿಷಿಯನ್ ಹಳೆಯ ಬಿಪಿ ಗುಳಿಗೆ, ನೀರಿನ ಗುಳಿಗೆ, ನೋವಿನ ಗುಳಿಗೆ ಮೂರನ್ನೂ ನಿಲ್ಲಿಸಿದರು. ಕೆಲವು ವಾರದ ಮೇಲೆ ಕ್ರಿಯಾಟಿನಿನ್ 1.2ಕ್ಕೆ ಇಳಿಯಿತು. ಬಾವು ಹೋಯಿತು. ಕಣ್ಣಿನ ಆಪರೇಷನ್ನೂ ಆಯಿತು. ಇಲ್ಲಿಗೆ ಮುಗಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಅವಳು ಊರಿಗೆ ಹೋದ ಸ್ವಲ್ಪ ದಿನಕ್ಕೆ ಫೋನ್ ಬಂತು. ಕಾಲು ಮತ್ತೆ ಬಾತಿವೆ ಅಂತ. ಮೊಮ್ಮಗ ಸಂತೆಗೆ ಹೋದಾಗ ರೂಢಿಯಂತೆ ಹಳೆಯ ಖಾಲಿ ಪಟ್ಟಿ ತೋರಿಸಿ ಒಂದು ತಿಂಗಳದ್ದು ತಂದಿದ್ದ. ಅಂಗಡಿಯವರು ಕೊಟ್ಟಿದ್ದರು. ಅವರಿಗಾದರೂ ಏನು ಗೊತ್ತು? "ನಿಲ್ಲಿಸಿದೆ" ಅನ್ನುವ ಮಾತು ಇದ್ದದ್ದು ಹುಬ್ಬಳ್ಳಿಯ ಒಂದು ಫೈಲಿನಲ್ಲಿ.

ಸೇರಿಸುವುದು ಸುಲಭ

ಡಾಕ್ಟರುಗಳ ನಡುವೆ ಮಾಹಿತಿ ಹೋಗುವುದಿಲ್ಲ, ಅದೇ ಸಮಸ್ಯೆ ಅಂತ ಎಲ್ಲರೂ ಹೇಳುತ್ತಾರೆ. ದೊಡ್ಡವ್ವನ ವಿಷಯದಲ್ಲಿ ಮಾಹಿತಿ ಎಲ್ಲ ಕಡೆ ಹೋಗಿತ್ತು. ಅವಳೇ ತೊಡೆಯ ಮೇಲೆ ಇಟ್ಟುಕೊಂಡು ಒಯ್ದಿದ್ದಳು. ಆದರೂ ಏನೂ ಉಪಯೋಗ ಆಗಲಿಲ್ಲ. ಯಾಕಂದರೆ ನಮ್ಮ ಚೀಟಿಗಳ ಪದ್ಧತಿಯಲ್ಲಿ ಸೇರಿಸುವುದಕ್ಕೆ ಜಾಗ ಇದೆ, ತೆಗೆಯುವುದಕ್ಕೆ ಜಾಗ ಇಲ್ಲ. ಜಮಾ ಬರೆಯುವ ಕಾಲಮ್ಮೇ ಇಲ್ಲದ ಉದ್ರಿ ಪುಸ್ತಕ ಇದ್ದ ಹಾಗೆ. ಡಿಸ್ಚಾರ್ಜ್ ಕಾರ್ಡು ತೆಗೆದು ನೋಡಿ. ಮನೆಗೆ ಹೋದ ಮೇಲೆ ತಗೊಳ್ಳಬೇಕಾದ ಔಷಧಗಳ ಪಟ್ಟಿ ಇರುತ್ತದೆ. ಬಿಡಬೇಕಾದ ಔಷಧಗಳ ಪಟ್ಟಿ ಎಷ್ಟು ಕಾರ್ಡಿನಲ್ಲಿ ನೋಡಿದ್ದೀರಿ?

ಹುಬ್ಬಳ್ಳಿಯ ಆ ಫಿಜಿಷಿಯನ್ನಿಗೆ ನಾನು ಇದನ್ನೇ ಕೇಳಿದೆ. ದೊಡ್ಡವ್ವನ ಕಾಗದ ಎಲ್ಲ ಜೋಡಿಸಿ ತಂದದ್ದಕ್ಕೆ ನಿಲ್ಲಿಸುವುದಕ್ಕೆ ಆಯಿತು, ಇಲ್ಲದಿದ್ದರೆ ಕಷ್ಟ ಅಂತ ಅವರು ನೇರವಾಗಿ ಹೇಳಿದರು. "ನಾ ಬರದದ್ದನ್ನ ನಾ ನಿಲ್ಲಸ್ತೀನಿ. ಇನ್ನೊಬ್ಬರು ಬರದದ್ದನ್ನ ಅವರು ಯಾಕ ಬರದಾರ ಅಂತ ಗೊತ್ತಿಲ್ಲದ ಹೆಂಗ ನಿಲ್ಲಸ್ಲಿ? ನಿಲ್ಲಿಸಿದ ಮ್ಯಾಲೆ ಏನರೆ ಆದ್ರ ನನ್ನ ಮ್ಯಾಲ ಬರ್ತದ. ಮುಂದುವರಿಸಿ ಏನರೆ ಆದ್ರ ಯಾರ ಮ್ಯಾಲೂ ಬರೂದಿಲ್ಲ." ಸೇರಿಸುವವನಿಗೆ ಧೈರ್ಯ ಬೇಡ, ತೆಗೆಯುವವನಿಗೆ ಬೇಕು. ಅದರ ಮೇಲೆ ಮರ್ಯಾದೆಯ ಪ್ರಶ್ನೆ. ಹಿರಿಯ ಡಾಕ್ಟರು ಬರೆದದ್ದರ ಮೇಲೆ ಕಿರಿಯರು ಗೆರೆ ಎಳೆಯುವುದು ನಮ್ಮಲ್ಲಿ ಅಷ್ಟು ಸುಲಭವಾ?

ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. 1968ರಲ್ಲೇ ಲಾರೆನ್ಸ್ ವೀಡ್ ಅನ್ನುವ ಅಮೆರಿಕದ ವೈದ್ಯ, ರೋಗಿಯ ದಾಖಲೆಯನ್ನು ಯಾರು ಬರೆದರು ಅನ್ನುವುದರ ಪ್ರಕಾರ ಜೋಡಿಸಬೇಡಿ, ರೋಗಿಯ ತೊಂದರೆಗಳ ಪ್ರಕಾರ ಜೋಡಿಸಿ ಅಂತ ಬರೆದರು. ಫೈಲಿನ ಮೊದಲ ಪುಟದಲ್ಲೇ ತೊಂದರೆಗಳ ಪಟ್ಟಿ, ಒಂದೊಂದಕ್ಕೆ ನಂಬರು. ವಾಸಿಯಾದದ್ದು ವಾಸಿಯಾಯಿತು ಅಂತ ಅಲ್ಲೇ ಗುರುತು. ಇವತ್ತಿನ ಎಷ್ಟೋ ಆಸ್ಪತ್ರೆ ಸಾಫ್ಟ್‌ವೇರುಗಳಲ್ಲಿ ಇರುವ ತೊಂದರೆಗಳ ಪಟ್ಟಿ ಅವರ ಯೋಚನೆಯಿಂದಲೇ ಬಂದದ್ದು. ಪಟ್ಟಿ ಬಂತು, ಗುರುತು ಹಾಕುವ ಶ್ರಮ ಬರಲಿಲ್ಲ. ಅಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2005ರಲ್ಲಿ ಒಂದು ನಿಯಮ ತಂದಿತು. ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದಾಗಲೆಲ್ಲ ಔಷಧಗಳ ಪಟ್ಟಿಗಳನ್ನು ತಾಳೆ ನೋಡಿ ಸರಿಪಡಿಸಬೇಕು ಅಂತ. ಆಸ್ಪತ್ರೆಗಳಿಗೆ ಅದು ಎಷ್ಟು ಕಷ್ಟ ಆಯಿತು ಅಂದರೆ, 2009ರಲ್ಲಿ ಅದಕ್ಕೆ ಅಂಕ ಹಾಕುವುದನ್ನೇ ನಿಲ್ಲಿಸಿದರು. 2011ರಲ್ಲಿ ಹಗುರ ಮಾಡಿ ಮತ್ತೆ ತಂದರು. ದುಡ್ಡು, ಕಂಪ್ಯೂಟರು, ನರ್ಸುಗಳು ಎಲ್ಲ ಇದ್ದ ಕಡೆಯೇ ಈ ಕಥೆ.

ಅಲರ್ಜಿಯದು ಇನ್ನೂ ಮಜಾ. ಪೆನಿಸಿಲಿನ್ ಆಗುವುದಿಲ್ಲ ಅಂತ ದಾಖಲೆಯಲ್ಲಿ ಬರೆಸಿಕೊಂಡವರು ಅಮೆರಿಕದಲ್ಲಿ ಶೇಕಡಾ 10ರಷ್ಟು. ಸರಿಯಾಗಿ ಪರೀಕ್ಷೆ ಮಾಡಿದರೆ ನಿಜವಾದ ಅಲರ್ಜಿ ಇರುವವರು ಶೇಕಡಾ 1ಕ್ಕಿಂತ ಕಡಿಮೆ ಅಂತ ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ ಹೇಳುತ್ತದೆ. ಚಿಕ್ಕವರಿದ್ದಾಗ ಒಂದು ಸಲ ವಾಂತಿ ಆಗಿರುತ್ತದೆ, ಅವ್ವ ಹೇಳಿರುತ್ತಾಳೆ, ಯಾರೋ ಬರೆದುಕೊಂಡಿರುತ್ತಾರೆ. ಒಮ್ಮೆ ಒಳಗೆ ಹೋದ ಮಾತು ಜೀವನಪರ್ಯಂತ ಹೊರಗೆ ಬರುವುದಿಲ್ಲ. ಒಂದು ದವಾಖಾನೆಯಿಂದ ಇನ್ನೊಂದಕ್ಕೆ ನಕಲಾಗುತ್ತಾ ಹೋಗುತ್ತದೆ. ನಕಲಾದಷ್ಟೂ ಅದಕ್ಕೆ ತೂಕ ಜಾಸ್ತಿ. ಮೂರು ಕಡೆ ಬರೆದಿದೆ ಅಂದ ಮೇಲೆ ನಿಜ ಇರಲೇಬೇಕಲ್ಲ ಅಂತ ನಾಲ್ಕನೆಯವರು ಅಂದುಕೊಳ್ಳುತ್ತಾರೆ. ಮೂರಕ್ಕೂ ಮೂಲ ಒಂದೇ ಅಂತ ಯಾರಿಗೂ ಕಾಣುವುದಿಲ್ಲ.

ಅದಕ್ಕೇ "ಇತ್ತೀಚಿನದ್ದೇ ಸರಿ" ಅನ್ನುವ ಸುಲಭದ ದಾರಿಯೂ ಕೆಲಸಕ್ಕೆ ಬರುವುದಿಲ್ಲ. ಎರಡು ದವಾಖಾನೆಯ ಪಟ್ಟಿಗಳು ಬೇರೆ ಬೇರೆ ಇವೆ ಅನ್ನಿ. ತಾರೀಖು ಹೊಸದಿರುವುದನ್ನು ನಂಬೋಣ ಅನ್ನಿಸುತ್ತದೆ. ಆದರೆ ಹೊಸ ತಾರೀಖಿನದು ಹಲ್ಲಿನ ದವಾಖಾನೆಯದಿರಬಹುದು. ಅಲ್ಲಿ ಪೇಷಂಟು ಬಾಯಲ್ಲಿ ಹೇಳಿದ್ದನ್ನು ರಿಸೆಪ್ಷನ್ನಿನ ಹುಡುಗಿ ಟೈಪ್ ಮಾಡಿರುತ್ತಾಳೆ. ಹಳೆಯ ಸುಳ್ಳಿಗೆ ಇವತ್ತಿನ ತಾರೀಖು ಬಿದ್ದಿರುತ್ತದೆ, ಅಷ್ಟೇ.

ತಾಯಿ ಕಾರ್ಡಿನ ಗೆರೆ

ಹಾಗಾದರೆ ನಮ್ಮ ಕಡೆ ಯಾವುದೂ ಸರಿಯಾಗಿ ನಡೆದೇ ಇಲ್ಲವಾ? ನಡೆದಿದೆ. ಅದು ತಾಯಿ ಕಾರ್ಡು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಕುಬಸ ಮಾಡಿ ಕಳಿಸಿದ ಮೇಲೆ ಹುಡುಗಿ ಒಂದು ಆರೋಗ್ಯ ಕೇಂದ್ರದ ಲೆಕ್ಕದಿಂದ ಇನ್ನೊಂದರ ಲೆಕ್ಕಕ್ಕೆ ಬರುತ್ತಾಳೆ. ಮೊದಲ ಆರೇಳು ತಿಂಗಳು ಗಂಡನ ಊರಿನ ಸಿಸ್ಟರು, ಆಮೇಲೆ ತವರಿನ ಸಿಸ್ಟರು, ನಡುವೆ ಖಾಸಗಿ ದವಾಖಾನೆಯಲ್ಲಿ ಸ್ಕ್ಯಾನು, ಕೊನೆಗೆ ಹೆರಿಗೆ ತಾಲೂಕು ಆಸ್ಪತ್ರೆಯಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ. ಹಂಚಿಕೊಂಡು ನೋಡಿಕೊಳ್ಳುವುದು ಅಂದರೆ ಇದಕ್ಕಿಂತ ಹೆಚ್ಚು ಹಂಚುವುದಕ್ಕೆ ಆಗುವುದಿಲ್ಲ. ಆದರೂ ಇಲ್ಲಿ "ಎಷ್ಟು ತಿಂಗಳಾತು, ರಕ್ತ ಎಷ್ಟದ, ಇಂಜೆಕ್ಷನ್ ಆಗ್ಯಾವಿಲ್ಲೋ" ಅಂದರೆ ಉತ್ತರ ಒಂದೇ ಕಾರ್ಡಿನಲ್ಲಿ ಸಿಗುತ್ತದೆ.

ನನ್ನ ತಂಗಿಯ ಕಾರ್ಡು ನೋಡಿದ್ದು ನೆನಪಿದೆ. ಅವಳನ್ನು ಕೊಟ್ಟದ್ದು ಹಾವೇರಿ ಕಡೆ. ಅಲ್ಲಿನ ಸಿಸ್ಟರು ಕೊನೆಯ ಮುಟ್ಟಿನ ತಾರೀಖು ಕೇಳಿ ಲೆಕ್ಕ ಹಾಕಿ ಹೆರಿಗೆ ದಿನ ಬರೆದಿದ್ದರು. ತಂಗಿಗೆ ತಾರೀಖು ಸರಿಯಾಗಿ ನೆನಪಿರಲಿಲ್ಲ, ಅಂದಾಜಿಗೆ ಹೇಳಿದ್ದಳು. ಮೂರು ತಿಂಗಳೊಳಗಿನ ಸ್ಕ್ಯಾನಿನಲ್ಲಿ ಬೇರೆ ದಿನ ಬಂತು. ಆ ಹೊತ್ತಿನ ಸ್ಕ್ಯಾನಿನ ಲೆಕ್ಕ ನೆನಪಿನ ತಾರೀಖಿಗಿಂತ ನಂಬಬಹುದಾದದ್ದು. ಸಿಸ್ಟರು ಏನು ಮಾಡಿದರು ಅಂದರೆ, ಹಳೆಯ ತಾರೀಖಿನ ಮೇಲೆ ಒಂದೇ ಒಂದು ಗೆರೆ ಎಳೆದರು. ಓದುವುದಕ್ಕೆ ಬರುವ ಹಾಗೆ. ಮೇಲೆ ಹೊಸ ತಾರೀಖು, ಪಕ್ಕದಲ್ಲಿ "ಸ್ಕ್ಯಾನ್ ಪ್ರಕಾರ" ಅಂತ ಬರೆದು ಸಣ್ಣ ಸಹಿ ಹಾಕಿದರು. ಮುಂದೆ ಗದಗಿನಲ್ಲಿ ಕಾರ್ಡು ನೋಡಿದ ಯಾರೂ ಆ ವಿಷಯದಲ್ಲಿ ಗೊಂದಲ ಮಾಡಿಕೊಳ್ಳಲಿಲ್ಲ. ಹಳೆಯದು ಏನಿತ್ತು, ಹೊಸದು ಏನು, ಯಾರು ಬದಲಿಸಿದರು, ಯಾಕೆ ಬದಲಿಸಿದರು, ಎಲ್ಲ ಒಂದು ಇಂಚು ಜಾಗದಲ್ಲಿ ಇತ್ತು.

ಕಾರ್ಡು ಯಾಕೆ ನಡೆಯುತ್ತದೆ ಅಂತ ಯೋಚಿಸಿದೆ. ಹಿಮೋಗ್ಲೋಬಿನ್ ಬರೆಯುವ ಮನೆ ಎಲ್ಲರಿಗೂ ಅದೇ. ಯಾರೇ ಬರೆದರೂ ಹೋದ ತಿಂಗಳ ಅಂಕಿಯ ಪಕ್ಕದಲ್ಲೇ ಬರೆಯಬೇಕು, ಆಗ ಇಳಿದದ್ದು ತಾನಾಗಿ ಕಾಣುತ್ತದೆ. ಚಾಪೆ ಹಾಸಿ ಜೋಡಿಸುವ ಕೆಲಸ ಇಲ್ಲ. ಎರಡನೆಯದು, ಒಂದು ಹೊತ್ತಿಗೆ ಕಾರ್ಡಿಗೆ ಒಬ್ಬ ಯಜಮಾನಿ ಇರುತ್ತಾಳೆ. ಆ ಊರಿನ ಸಿಸ್ಟರು. ಆಶಾ ಕಾರ್ಯಕರ್ತೆ ಬೆನ್ನು ಹತ್ತಿರುತ್ತಾಳೆ. ಒಂದು ಮನೆ ಖಾಲಿ ಇದ್ದರೆ ಯಾರನ್ನು ಕೇಳಬೇಕು ಅಂತ ಎಲ್ಲರಿಗೂ ಗೊತ್ತು. ಮೂರನೆಯದು ನನ್ನ ಅನುಮಾನ ಅಷ್ಟೇ: ಇದು ಮುಗಿಯುವ ಕೆಲಸ. ಹೆರಿಗೆ ಆಗುತ್ತದೆ, ಮಗುವಿನ ಲಸಿಕೆ ಮುಗಿಯುತ್ತದೆ, ಕಾರ್ಡು ಟ್ರಂಕಿಗೆ ಹೋಗುತ್ತದೆ. ಬಿಪಿ, ಸಕ್ಕರೆಗೆ ಮುಗಿಯುವುದು ಅನ್ನುವುದಿಲ್ಲ. ಅಷ್ಟು ಉದ್ದಕ್ಕೆ ಒಬ್ಬರು ಯಜಮಾನಿಕೆ ಮಾಡುವುದು ಕಷ್ಟ.

ಬ್ರಿಟನ್ನಿನವರು ಆ ಕಷ್ಟವನ್ನು ಇನ್ನೊಂದು ಥರ ಬಿಡಿಸಿಕೊಂಡರು. ಅಲ್ಲಿ ಬಹುತೇಕ ಎಲ್ಲರೂ ಒಂದು ಕುಟುಂಬ ವೈದ್ಯರ ಹತ್ತಿರ ಹೆಸರು ನೋಂದಾಯಿಸಿರುತ್ತಾರೆ. ರೋಗಿಯ ದಾಖಲೆ ಇಡುವ 1911ರ ವಿಮಾ ಕಾಯ್ದೆಯ ಕಾಲದ ಸಣ್ಣ ಲಕೋಟೆ, ಆಗಿನ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಹೆಸರಿನದು, ಮುಂದೆ ದಶಕಗಟ್ಟಲೆ ಬಳಕೆಯಲ್ಲಿತ್ತು. ರೋಗಿ ವೈದ್ಯರನ್ನು ಬದಲಿಸಿದರೆ ಲಕೋಟೆಯೂ ಹೋಗಬೇಕಿತ್ತು. ದೊಡ್ಡ ಆಸ್ಪತ್ರೆಯ ತಜ್ಞರು ನೋಡಿದ ಮೇಲೆ ಕುಟುಂಬ ವೈದ್ಯರಿಗೆ ಕಾಗದ ಬರೆಯುತ್ತಾರೆ. ಮೆಥೊಟ್ರೆಕ್ಸೇಟ್ ಥರದ ಜೋರಾದ ಔಷಧಗಳಿಗೆ ಬರವಣಿಗೆಯಲ್ಲೇ ಒಪ್ಪಂದ ಇರುತ್ತದೆ. ಶುರು ಮಾಡುವವರು ಯಾರು, ಮುಂದುವರಿಸುವವರು ಯಾರು, ರಕ್ತ ಪರೀಕ್ಷೆ ನೋಡುವವರು ಯಾರು, ಏನಾದರೆ ಯಾರಿಗೆ ಫೋನ್ ಮಾಡಬೇಕು. ನಮ್ಮಲ್ಲಿ ಹಾಗೆ ಆಗುವುದಿಲ್ಲ, ಯಾಕಂದರೆ ನಮಗೆ ಯಾರ ಅಪ್ಪಣೆಯೂ ಬೇಡ. ಮೊಣಕಾಲು ನೋವಾ, ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದರಾಯಿತು. ಈ ಸ್ವಾತಂತ್ರ್ಯ ನನಗೂ ಇಷ್ಟವೇ, ಬಿಟ್ಟುಕೊಡು ಅಂದರೆ ನಾನೂ ಜಗಳ ತೆಗೆಯುತ್ತೇನೆ. ಈಗ ಹೋಗುವುದಕ್ಕೆ ಜಾಗಗಳೂ ಹೆಚ್ಚಿವೆ. ಒಂದು ಕಾಲಕ್ಕೆ ಈ ಭಾಗಕ್ಕೆಲ್ಲ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್ ಒಂದೇ ದಿಕ್ಕು. 2015ರಲ್ಲಿ ಗದಗಿಗೆ ಮೆಡಿಕಲ್ ಕಾಲೇಜು ಬಂತು, 2022ರಲ್ಲಿ ಹಾವೇರಿಗೂ ಬಂತು. ಬಂದದ್ದು ಒಳ್ಳೆಯದೇ. ಜೊತೆಗೆ ಚೀಲಕ್ಕೆ ಇನ್ನಷ್ಟು ಚೀಟಿಗಳೂ ಬಂದವು.

ಹದಿನಾಲ್ಕು ಅಂಕಿ

ಇದನ್ನೆಲ್ಲ ಹೇಳಿದರೆ ನನ್ನ ಸಾಫ್ಟ್‌ವೇರ್ ಗೆಳೆಯ ತಕ್ಷಣ ಆಭಾ ಕಾರ್ಡಿನ ಮಾತು ತೆಗೆಯುತ್ತಾನೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಶುರುವಾಯಿತು. ಅದರಲ್ಲಿ ಒಬ್ಬೊಬ್ಬರಿಗೆ 14 ಅಂಕಿಯ ಆರೋಗ್ಯದ ನಂಬರು, ಅದೇ ಆಭಾ. ದಾಖಲೆಗಳು ಎಲ್ಲೆಲ್ಲಿ ಹುಟ್ಟಿದವೋ ಅಲ್ಲೇ ಇರುತ್ತವೆ, ಒಂದೇ ದೊಡ್ಡ ಗೋದಾಮಿಗೆ ಹೋಗುವುದಿಲ್ಲ. ನೀವು ಒಪ್ಪಿಗೆ ಕೊಟ್ಟರೆ ಇನ್ನೊಬ್ಬ ವೈದ್ಯರು ಇಷ್ಟು ದಿನದವರೆಗೆ ಅಂತ ನೋಡಬಹುದು. ಒಪ್ಪಿಗೆ ವಾಪಸ್ ತಗೊಳ್ಳಲೂಬಹುದು. ವಿನ್ಯಾಸ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಬಸವ್ವ, ಬಸಮ್ಮ ಇಬ್ಬರೂ ಒಬ್ಬಳೇ ಅಂತ ಹೇಳುವುದಕ್ಕೆ ಇಂಥದ್ದೊಂದು ನಂಬರು ಬೇಕೇ ಬೇಕು. ಮಾಳಿಗೆ ಸೋರಿದರೂ ಚಿಂತೆ ಇಲ್ಲ.

ಆದರೆ ದೊಡ್ಡವ್ವನ ಎಲ್ಲ ಚೀಟಿಗಳೂ ಆ ನಂಬರಿಗೆ ಜೋಡಣೆಯಾಗಿದ್ದವು ಅಂದುಕೊಳ್ಳಿ. ಗದಗಿನ ಡಾಕ್ಟರು ಫೋನಿನಲ್ಲಿ ತೆರೆದರೆ ಏನು ಕಾಣುತ್ತಿತ್ತು? ಸಾಲಾಗಿ ಕಡತಗಳು. ಹೆಚ್ಚಿನವು ಸ್ಕ್ಯಾನ್ ಮಾಡಿದ ಚೀಟಿಗಳ ಪಿಡಿಎಫ್. ಚೀಲ ಫೋನಿನೊಳಗೆ ಹೋಯಿತು, ಅಷ್ಟೇ. ಒಂದಕ್ಕೊಂದು ವಿರುದ್ಧ ಇರುವ ಹತ್ತು ಕಾಗದಗಳು ಒಂದೇ ಜಾಗದಲ್ಲಿ ಸಿಕ್ಕರೂ ಅವುಗಳ ವಿರೋಧ ಹೋಗುವುದಿಲ್ಲ. ಯಾರೋ ಒಬ್ಬರು ಕೂತು, ಇದು ನಡೆಯುತ್ತಿದೆ, ಇದು ನಿಂತಿದೆ ಅಂತ ಹೇಳಬೇಕು. ಎರಡು ಬೇರೆ ಹೆಸರಿನ ಗುಳಿಗೆಯಲ್ಲಿ ಒಂದೇ ಔಷಧ ಇದೆ ಅಂತ ಕಂಪ್ಯೂಟರು ಎಚ್ಚರಿಸಬಹುದು. ಅದಕ್ಕೆ ಔಷಧದ ಹೆಸರು ಚಿತ್ರದೊಳಗೆ ಇರದೆ ಅಕ್ಷರವಾಗಿ, ಎಲ್ಲರೂ ಬಳಸುವ ಒಂದೇ ಸಂಕೇತದಲ್ಲಿ ಇರಬೇಕು. ಎಚ್ಚರಿಸಿದ ಮೇಲೂ ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡುವವರು ಮನುಷ್ಯರೇ. ಗೆಳೆಯ ಇದನ್ನು ಒಪ್ಪುವುದಿಲ್ಲ. "ಮೊದಲು ಎಲ್ಲ ಒಂದು ಕಡೆ ಬರಲಿ, ಉಳಿದದ್ದು ಆಮೇಲೆ" ಅನ್ನುತ್ತಾನೆ. ಎಲ್ಲ ಒಂದು ಕಡೆ ಬಂದದ್ದನ್ನು ನಾನು ಚಾಪೆಯ ಮೇಲೆ ನೋಡಿದ್ದೇನೆ. ಮೆಡಿಕಲ್ ಶಾಪಿನವರು ಬರುವ ತನಕ ಅದು ಬರೀ ರಾಶಿ.

ಒಂದು ಹಾಳೆ

ಎರಡನೆಯ ಸಲ ಕಾಲು ಬಾತ ಮೇಲೆ ನಾವೇ ಒಂದು ಹಾಳೆ ಮಾಡಿದೆವು. ಎಡಗಡೆ ನಡೆಯುತ್ತಿರುವ ಔಷಧಗಳು, ಕಂಪನಿ ಹೆಸರಿನ ಜೊತೆಗೆ ಒಳಗಿನ ಔಷಧದ ಹೆಸರು. ಬಲಗಡೆ ನಿಲ್ಲಿಸಿದವು: ಯಾವಾಗ, ಯಾರು, ಯಾಕೆ. ಕೆಳಗೆ ಕ್ರಿಯಾಟಿನಿನ್ ಮತ್ತು ಮೂರು ತಿಂಗಳ ಸಕ್ಕರೆಯ ಅಂಕಿಗಳು, ತಾಯಿ ಕಾರ್ಡಿನಲ್ಲಿ ಇದ್ದ ಹಾಗೆ ಅಕ್ಕಪಕ್ಕ. ಹಳೆಯ ಖಾಲಿ ಪಟ್ಟಿಗಳನ್ನೆಲ್ಲ ಒಲೆಗೆ ಹಾಕಿಸಿದೆವು. ಊರಿನ ಔಷಧದ ಅಂಗಡಿಗೂ ಒಂದು ಪ್ರತಿ ಕೊಟ್ಟೆವು. ಅಲ್ಲಿಯವರು ಅದನ್ನು ಗೋಡೆಗೆ ಅಂಟಿಸಿಬಿಟ್ಟರು. ದೊಡ್ಡವ್ವನ ಸಕ್ಕರೆ ಎಷ್ಟು ಅಂತ ಊರಿಗೆಲ್ಲ ಗೊತ್ತಾಯಿತು. ಗೋಡೆಯಿಂದ ತೆಗೆಸಿ ಡ್ರಾವರಿನಲ್ಲಿ ಇಡಿಸಿದೆವು.

ಡಾಕ್ಟರುಗಳು ಈ ಹಾಳೆಯನ್ನು ನೋಡಿದ ರೀತಿ ಒಂದೇ ಥರ ಇರಲಿಲ್ಲ. ಧಾರವಾಡದವರಿಗೆ ಖುಷಿಯಾಯಿತು. ಬಲಗಡೆಯ ಕಾಲಮ್ಮು ನೋಡಿ ನೋವಿನ ಗುಳಿಗೆ ಬರೆಯದೆ ಪ್ಯಾರಾಸಿಟಮಾಲ್ ಮತ್ತು ಹಚ್ಚುವ ಮುಲಾಮು ಬರೆದರು. ಇನ್ನೊಬ್ಬರು ಮುಖ ಗಂಟಿಕ್ಕಿ "ಇದನ್ನ ಯಾರ್ ಬರದಾರ? ನೀವು ಡಾಕ್ಟರೇನು?" ಅಂದರು. ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಮನೆಯವರು ಬರೆದ ಹಾಳೆಯನ್ನು ನಂಬಿ ಔಷಧ ಕೊಡುವುದು ಹೇಗೆ? ಸಹಿ ಇಲ್ಲದ ಗೆರೆಗೆ ಬೆಲೆ ಇಲ್ಲ. ಕೊನೆಗೆ ಗದಗಿನ ಫಿಜಿಷಿಯನ್ ಅದನ್ನು ವಹಿಸಿಕೊಂಡರು. ಬೇರೆ ಯಾರೇ ಏನೇ ಬರೆದರೂ ಗುಳಿಗೆ ಕೊಳ್ಳುವ ಮೊದಲು ಫೋಟೋ ಅವರಿಗೆ ಬರಬೇಕು, ಹಾಳೆಯ ಮೇಲೆ ಗೆರೆ ಎಳೆಯುವವರು ಅವರೊಬ್ಬರೇ, ಹೊಸ ಹಾಳೆಗೆ ಅವರ ಸಹಿ ಮತ್ತು ತಾರೀಖು. ಫೀ ಮಾಮೂಲಿ. ಹಾಳೆ ನೋಡುವುದಕ್ಕೆ ಅಂತ ಬೇರೆ ದುಡ್ಡು ಕೇಳಲಿಲ್ಲ. ಕೇಳಿದ್ದರೂ ತಪ್ಪಿರಲಿಲ್ಲ ಅಂತ ನನ್ನ ಅಭಿಪ್ರಾಯ. ಒಬ್ಬ ಪೇಷಂಟಿನದು ನಡೆಯುತ್ತದೆ. ಅವರ ಎಲ್ಲ ಪೇಷಂಟುಗಳೂ ಹೀಗೆ ಹಾಳೆ ಹಿಡಿದುಕೊಂಡು ಬಂದರೆ ಸಂಜೆ ಒಪಿಡಿ ರಾತ್ರಿ ಹನ್ನೆರಡಕ್ಕೂ ಮುಗಿಯುವುದಿಲ್ಲ. ಔಷಧ ಬರೆದದ್ದಕ್ಕೆ ಫೀ ಇದೆ, ಬರೆಯದೆ ತಾಳೆ ನೋಡಿದ್ದಕ್ಕೆ ಯಾವ ಫೀಯೂ ಇಲ್ಲ.

ಹೋದ ಸಲ ಅವರ ಹತ್ತಿರ ಹೋದಾಗ ಎಲ್ಲ ತಾಳೆ ಆಯಿತು. ಎಡಗಡೆ ನಾಲ್ಕು ಔಷಧ, ಚೀಲದಲ್ಲೂ ನಾಲ್ಕೇ. ಡಾಕ್ಟರು ಸಹಿ ಹಾಕಿ ಪೆನ್ನು ಮುಚ್ಚಿದರು. ಆಗ ದೊಡ್ಡವ್ವ ಸೆರಗಿನ ಗಂಟಿನಿಂದ ಒಂದು ಪುಡಿಯ ಪೊಟ್ಟಣ ತೆಗೆದಳು. ಸಂತೆಯಲ್ಲಿ ಒಬ್ಬಾತ ಮೊಣಕಾಲಿಗೆ ಅಂತ ಕೊಡುತ್ತಾನಂತೆ, ಬಿಸಿನೀರಿನಲ್ಲಿ ತಗೊಂಡರೆ ಎರಡೇ ದಿನಕ್ಕೆ ಹಗುರ ಆಗುತ್ತದಂತೆ.

"ಇದನ್ನೂ ಬರೀಬೇಕೇನ್ರೀ ಸಾಹೇಬ್ರ?"

ಡಾಕ್ಟರು ಪೊಟ್ಟಣ ಬಿಚ್ಚಿ ಮೂಸಿ ನೋಡಿದರು. ಇಂಥ ಪುಡಿಗಳಲ್ಲಿ ಸ್ಟೆರಾಯ್ಡು ಕಲಬೆರಕೆ ಸಿಗುವುದುಂಟು, ಸಕ್ಕರೆ ಏರಿಸುತ್ತದೆ, ಹಠಾತ್ತನೆ ಬಿಟ್ಟರೂ ಅಪಾಯ ಅಂತ ನನಗೆ ಹೇಳಿದರು. ಯಾವತ್ತಿನಿಂದ ತಗೋತಿದ್ದೀರಿ ಅಂತ ಅವಳನ್ನು ಕೇಳಿದರು. "ಹ್ವಾದ ಉಗಾದಿಯಿಂದ. ಅದರ ಹಿಂದಿನ ಉಗಾದಿನೂ ಇರಬಹುದು." ಅವರು ಪೆನ್ನು ಮತ್ತೆ ತೆಗೆದರು. ಎಡಗಡೆಯ ಕಾಲಮ್ಮಿನಲ್ಲಿ ಐದನೆಯ ನಂಬರು ಹಾಕಿ "ಪುಡಿ, ಸಂತೆ" ಅಂತ ಬರೆದು, ಡೋಸಿನ ಜಾಗದಲ್ಲಿ ಒಂದು ಚಮಚ ಅಂತ ಬರೆಯಬೇಕೋ ಒಂದು ಚಿಟಿಕೆ ಅಂತ ಬರೆಯಬೇಕೋ ಅಂತ ದೊಡ್ಡವ್ವನನ್ನೇ ಕೇಳುತ್ತಿದ್ದರು.